ಕಾಲು ನೋವಿಗೆ ಡೈಕ್ಲೋ, ಎದೆ ನೋವಿಗೆ ಇಂಜೆಕ್ಷನ್: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಕಾಲಿನ ರಕ್ತನಾಳದ ಕಾಯಿಲೆಯನ್ನು ಹೃದಯ ತಪಾಸಣೆಯ ಒಳಗೆ ಸೇರಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಔಷಧಿ ಅಂಗಡಿ ನಡೆಸುವವನು. ಬಿ.ಫಾರ್ಮ ಓದಿದ್ದೇನೆ, ಡಾಕ್ಟರಲ್ಲ. ಆದರೆ ಊರಿನ ಎಲ್ಲ ಡಾಕ್ಟರುಗಳ ಚೀಟಿಯೂ ಕೊನೆಗೆ ನನ್ನಂಥವರ ಕೌಂಟರಿಗೇ ಬರುತ್ತದೆ. ಡಾಕ್ಟರಿಗೆ ಆ ದಿನ ತಾವು ಬರೆದ ಚೀಟಿ ಕಾಣುತ್ತದೆ. ನಮಗೆ ಅದೇ ಮನುಷ್ಯನ ಹತ್ತು ವರ್ಷದ ಚೀಟಿಗಳು ಒಂದರ ಹಿಂದೊಂದು ಕಾಣುತ್ತವೆ. ಹಾಗೆ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬರುವ ಚೀಟಿ ಕಾಲು ನೋವಿನದು. ಅಸೆಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ, ಜೊತೆಗೊಂದು ಗ್ಯಾಸ್ ಮಾತ್ರೆ, ಬಿ-ಕಾಂಪ್ಲೆಕ್ಸ್, ಕ್ಯಾಲ್ಸಿಯಂ, ಹಚ್ಚಿಕೊಳ್ಳಲು ಜೆಲ್. ಕಡಿಮೆಯಾಗದಿದ್ದರೆ ನರದ ಮಾತ್ರೆ. ಇದು ಎರಡು ಮೂರು ವರ್ಷ ಎಳೆಯುತ್ತದೆ. ಆಮೇಲೆ ಒಂದು ದಿನ ಅದೇ ಮನೆಯಿಂದ ಮಗನೋ ಸೊಸೆಯೋ ದೊಡ್ಡಾಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಹಿಡಿದು ಬರುತ್ತಾರೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್. ಹೃದಯಾಘಾತ ಆಗಿರುತ್ತದೆ. ಕೆಲವು ಮನೆಗಳಿಂದ ಎರಡನೇ ಚೀಟಿ ಬರುವುದೇ ಇಲ್ಲ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಕಾಲು ನೋವಿದ್ದವರಿಗೆಲ್ಲ ಹೃದ್ರೋಗ ಇದೆ ಎಂದು ನಾನು ಹೇಳುತ್ತಿಲ್ಲ. ಕೊಬ್ಬರಿ ಮೂಟೆ ಹೊತ್ತವರಿಗೆ, ಗದ್ದೆಯಲ್ಲಿ ಬಗ್ಗಿ ದುಡಿದವರಿಗೆ ಮಂಡಿ, ಸೊಂಟ ನೋಯುವುದು ಸಹಜ. ನಾನು ಹೇಳುತ್ತಿರುವುದು ಒಂದು ನಿರ್ದಿಷ್ಟ ನೋವಿನ ಬಗ್ಗೆ. ಕೂತಾಗ ಇರುವುದಿಲ್ಲ. ನಡೆಯಲು ಶುರುಮಾಡಿದ ಮೇಲೆ, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ, ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಸಾಕು, ಕೆಲವೇ ನಿಮಿಷದಲ್ಲಿ ಬಿಟ್ಟುಹೋಗುತ್ತದೆ. ಮತ್ತೆ ನಡೆದರೆ ಮತ್ತೆ ಅಷ್ಟೇ ದೂರಕ್ಕೆ ಬರುತ್ತದೆ. ಮಂಡಿ ಸವೆತದ ನೋವು ಹೀಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ. ಸೊಂಟದ ನರ ಒತ್ತಿದ ನೋವಾದರೆ ಸುಮ್ನೆ ನಿಂತರೆ ಹೋಗುವುದಿಲ್ಲ, ಕೂತು ಮುಂದಕ್ಕೆ ಬಾಗಬೇಕು. ನಿಂತ ತಕ್ಷಣ ಬಿಡುವ ನೋವು ಎಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂಬ ಅನುಮಾನ ಬರಬೇಕು. ಕೊಬ್ಬು ಕಟ್ಟಿ ರಕ್ತನಾಳ ಕಿರಿದಾಗಿರಬಹುದು.

ಇಲ್ಲಿಯ ಮಾರುಕಟ್ಟೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಹಮಾಲಿಯ ವಿಷಯ ಹೇಳುತ್ತೇನೆ. ವಯಸ್ಸು ಐವತ್ತರ ಆಚೆ, ದಿನಕ್ಕೆ ಒಂದು ಕಟ್ಟಿಗಿಂತ ಜಾಸ್ತಿ ಬೀಡಿ. ಮಂಡಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಾಗ ಸರಿಯಾಗಿ ನನ್ನ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಬೋರ್ಡಿನ ಕಂಬಕ್ಕೆ ಕೈ ಕೊಟ್ಟು, ಎಡಗಾಲು ಸ್ವಲ್ಪ ಎತ್ತಿಕೊಂಡು, ಯಾರನ್ನೋ ಕಾಯುತ್ತಿರುವವರ ಹಾಗೆ. 'ಇಲ್ಲಿಗೆ ಬಂದ್ರೆ ಮೀನಖಂಡ ಕಟ್ಕೊಳ್ತದೆ ಸಾರ್, ಒಂಚೂರು ನಿಂತ್ರೆ ಸರಿಹೋಗ್ತದೆ' ಅಂದರು. ಡಾಕ್ಟರಿಗೆ ಇದನ್ನೇ ಹೇಳಿದ್ದೀರಾ ಎಂದು ಕೇಳಿದೆ. ಹೇಳಿದ್ದರು. ಒಂದು ಕಡೆ ವಾತ ಎಂದರು. ಇನ್ನೊಂದು ಕಡೆ ನರದ ವೀಕ್ನೆಸ್ ಎಂದರು. ಮತ್ತೊಂದು ಕಡೆ ಸೊಂಟದ ಎಕ್ಸ್‌ರೇ ತೆಗೆಸಿ, ಸವೆದಿದೆ ಎಂದರು. ಆ ವಯಸ್ಸಿನ ಹಮಾಲಿಯ ಸೊಂಟ ಸವೆಯದೆ ಇನ್ನೇನಾದೀತು? ರಕ್ತನಾಳದ ಡಾಕ್ಟರಿಗೆ ತೋರಿಸಿ ಎಂದು ಚೀಟಿಯ ಹಿಂದೆ ನಾನೇ ಬರೆದುಕೊಟ್ಟೆ. ಬೆಂಗಳೂರಿಗೆ ಹೋಗಬೇಕೆಂದಾಗ, ಕಾಲು ನೋವಿಗೆ ಯಾರು ಬೆಂಗಳೂರಿಗೆ ಹೋಗ್ತಾರೆ ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ದಿನಗೂಲಿಯವರಲ್ಲವೇ?

ಅಷ್ಟೂ ಕಡೆ ಒಬ್ಬರೂ ಅವರ ಚಪ್ಪಲಿ ಬಿಡಿಸಿ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿರಲಿಲ್ಲ. ಕೈ ನಾಡಿ ಎಲ್ಲರೂ ನೋಡಿದ್ದರು.

ಆಮೇಲೆ ಒಂದು ಬೆಳಗಿನ ಜಾವ ಎದೆ ನೋವು ಬಂತು. ಇಲ್ಲಿ ನಿಮ್ಮ ಇಲಾಖೆಗೆ ಕೃತಜ್ಞತೆ ಹೇಳಲೇಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಆಯಿತು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಕ್ಕಿತು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಜೀವ ಉಳಿಯಿತು. ಮುಂದಿನ ಚಿಕಿತ್ಸೆಗೆ ಹೋದ ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಕಾಲನ್ನೂ ಪರೀಕ್ಷಿಸಿದ್ದರು. ಡಿಸ್ಚಾರ್ಜ್ ಹಾಳೆಯ ಕೆಳಗೆ ಒಂದು ಸಾಲು ಇತ್ತು: ಎಡ ಪಾದದಲ್ಲಿ ನಾಡಿ ಸಿಗುತ್ತಿಲ್ಲ, ಎಬಿಐ (ಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುವ ಅಳತೆ) 0.6.

ಸಚಿವರೇ, ಆ ಸಂಖ್ಯೆ ಹೃದಯಾಘಾತದ ದಿನ ಹುಟ್ಟಿದ್ದಲ್ಲ. ಅವರು ನನ್ನ ಅಂಗಡಿ ಮುಂದೆ ಕಂಬ ಹಿಡಿದು ನಿಲ್ಲುತ್ತಿದ್ದಾಗಲೇ ಯಾರಾದರೂ ಅಳೆದಿದ್ದರೆ ಆಗಲೂ ಕಡಿಮೆಯೇ ಬರುತ್ತಿತ್ತು.

ಎಬಿಐ ಅಂದರೆ ದೊಡ್ಡ ವಿದ್ಯೆ ಏನಲ್ಲ. ರೋಗಿಯನ್ನು ಸ್ವಲ್ಪ ಹೊತ್ತು ಮಲಗಿಸಿ ತೋಳಿನ ಬಿಪಿ ನೋಡುವುದು. ಅದೇ ಪಟ್ಟಿಯನ್ನು ಕಣಕಾಲಿನ ಮೇಲೆ ಕಟ್ಟಿ, ಪಾದದ ನಾಡಿಯ ಮೇಲೆ ಜೆಲ್ ಹಚ್ಚಿ, ರಕ್ತ ಹರಿಯುವ ಸದ್ದು ಕೇಳಿಸುವ ಪೆನ್ನಿನಂಥ ಡಾಪ್ಲರ್ ಯಂತ್ರ ಇಟ್ಟು ಅಲ್ಲಿಯ ಬಿಪಿ ನೋಡುವುದು. ಕಾಲಿನ ಸಂಖ್ಯೆಯನ್ನು ತೋಳಿನ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಆರೋಗ್ಯವಂತರಲ್ಲಿ ಕಾಲಿನದು ತೋಳಿನಷ್ಟೇ ಅಥವಾ ತುಸು ಜಾಸ್ತಿ ಇರುತ್ತದೆ. 0.90 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕಾಲಿನ ರಕ್ತನಾಳ ಕಟ್ಟಿದೆ ಎಂದು ಅರ್ಥ. ತೋಳಿನಲ್ಲಿ 140, ಕಾಲಿನಲ್ಲಿ 84 ಬಂದರೆ 0.6. ಹಮಾಲಿಯ ಸ್ಥಿತಿ ಅದು. 1.40 ದಾಟಿದರೂ ಸರಿಯಲ್ಲ, ನಾಳ ಗಟ್ಟಿಯಾಗಿ ಪಟ್ಟಿಗೆ ಬಗ್ಗುತ್ತಿಲ್ಲ ಎಂದು ಅರ್ಥ. ಬಹಳ ವರ್ಷದ ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರಲ್ಲಿ ಹೀಗಾಗುತ್ತದೆ. ಅವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಇದರಲ್ಲಿ ಹೃದಯದ ಮಾತು ಎಲ್ಲಿಂದ ಬಂತು ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಕಾಲಿನ ನಾಳದಲ್ಲಿ ಕಟ್ಟಿದ ಕೊಬ್ಬು ಕಾಲಿಗೆ ಮಾತ್ರ ಬಂದದ್ದಲ್ಲ. ಬೀಡಿ, ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಸೇರಿ ಮೈಯೊಳಗಿನ ನಾಳಗಳನ್ನೆಲ್ಲ ಕೆಡಿಸುತ್ತಾ ಬರುತ್ತವೆ. ನಮ್ಮ ಕಡೆ ತೆಂಗಿನ ತೋಟಕ್ಕೆ ಡ್ರಿಪ್ ಹಾಕಿರುತ್ತಾರೆ. ಸಾಲಿನ ಕೊನೆಯ ಮರ ಒಣಗಿದರೆ ಆ ಮರಕ್ಕೆ ಮಾತ್ರ ಗೊಬ್ಬರ ಹಾಕಿ ಕೂರುವ ರೈತ ಇಲ್ಲ. ಪೈಪಿನಲ್ಲಿ ಉಪ್ಪು ಕಟ್ಟಿದೆ ಎಂದು ಗೊತ್ತು, ಹೋಗಿ ಫಿಲ್ಟರ್ ಬಿಚ್ಚುತ್ತಾನೆ. ನಮ್ಮ ಆಸ್ಪತ್ರೆಗಳಲ್ಲಿ ಕೊನೆಯ ಮರಕ್ಕೆ ಡೈಕ್ಲೋಫೆನಾಕ್ ಹಾಕಿ ಕಳಿಸುತ್ತಿದ್ದೇವೆ.

ಇದು ಊಹೆಯ ಮಾತಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹತ್ತು ವರ್ಷ ಜನರನ್ನು ಹಿಂಬಾಲಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕಾಲಿನ ದೊಡ್ಡ ನಾಳ ಕಟ್ಟಿದ್ದವರು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತ ಪ್ರಮಾಣ ಉಳಿದವರಿಗಿಂತ ಸುಮಾರು ಆರು ಪಟ್ಟು. 2008ರಲ್ಲಿ ಹದಿನಾರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಎಬಿಐ ಕಡಿಮೆ ಇದ್ದವರಲ್ಲಿ ಮುಂದಿನ ಹತ್ತು ವರ್ಷದ ಸಾವು, ಹೃದಯಾಘಾತ ಎರಡೂ ಹೆಚ್ಚುಕಡಿಮೆ ದುಪ್ಪಟ್ಟು. ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿದ್ದು. 2001ರಲ್ಲಿ ಅಮೆರಿಕದ ಸಾಮಾನ್ಯ ಕ್ಲಿನಿಕ್‌ಗಳಲ್ಲಿ 70 ದಾಟಿದವರನ್ನು, ಸಕ್ಕರೆ ಅಥವಾ ಸಿಗರೇಟು ಇರುವ 50 ದಾಟಿದವರನ್ನು ಅಳೆದು ನೋಡಿದರು. ನೂರರಲ್ಲಿ 29 ಜನಕ್ಕೆ ಕಾಲಿನ ನಾಳದ ಕಾಯಿಲೆ ಇತ್ತು. ಅವರಲ್ಲಿ ನಡೆದರೆ ಹಿಡಿದು ನಿಂತರೆ ಬಿಡುವ ನೋವು ಇದ್ದವರು ಹತ್ತರಲ್ಲಿ ಒಬ್ಬರಷ್ಟೇ. ಉಳಿದವರ ಕಾಲು ಏನೂ ಹೇಳಿರಲಿಲ್ಲ, ಅಥವಾ ಬೇರೆ ಏನೋ ಹೇಳಿತ್ತು.

ಅಂದರೆ ನನ್ನ ಅಂಗಡಿ ಮುಂದೆ ನಿಲ್ಲುತ್ತಿದ್ದವರು ಒಂದು ಲೆಕ್ಕದಲ್ಲಿ ಅದೃಷ್ಟವಂತರು. ಅವರ ಕಾಲು ಬಾಯಿಬಿಟ್ಟು ಹೇಳುತ್ತಿತ್ತು. ಹಳೇ ಸಕ್ಕರೆ ಕಾಯಿಲೆಯ ಹೆಂಗಸರಲ್ಲಿ ಅದೂ ಇರುವುದಿಲ್ಲ. ಪಾದ ಜೋಮು ಹಿಡಿದಿರುತ್ತದೆ, ನೋವು ಗೊತ್ತಾಗುವುದಿಲ್ಲ. ದೂರ ನಡೆಯುವ ಕೆಲಸವೂ ಇರುವುದಿಲ್ಲ. ಕಿರುಬೆರಳಿಗೆ ಚಪ್ಪಲಿ ಉಜ್ಜಿ ಆದ ಗಾಯ ಎರಡು ತಿಂಗಳಾದರೂ ಮಾಗುವುದಿಲ್ಲ. ಅವರು ನಮ್ಮಲ್ಲಿ ಬಂದು ಗಾಯದ ಪೌಡರ್ ಕೇಳುತ್ತಾರೆ. ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಮಲಗಿದರೆ ಹಾಯಾಗಿರುತ್ತದೆ ಎನ್ನುತ್ತಾರೆ ಕೆಲವರು. ಆ ಹಂತಕ್ಕೆ ಬಂದರೆ ಕಾಲು ಉಳಿಯುವುದೇ ಕಷ್ಟ. ಕಾಲು ತೆಗೆಸಿಕೊಂಡವರಲ್ಲಿ ಐದು ವರ್ಷದ ಆಚೆ ಬದುಕಿರುವವರು ಹೆಚ್ಚುಕಡಿಮೆ ಅರ್ಧ ಮಾತ್ರ. ಅವರ ಸಾವಿಗೆ ಬಹಳ ಸಲ ಹೃದಯವೇ ಕಾರಣ.

ಇನ್ನು ನನ್ನ ವೃತ್ತಿಗೆ ಸೇರಿದ ದೂರು. ಇದನ್ನು ದಯವಿಟ್ಟು ಪೂರ್ತಿ ಓದಿ. ಡೈಕ್ಲೋಫೆನಾಕ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಎಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದರು. ಹೃದ್ರೋಗ ಇದ್ದವರಿಗೆ, ಪಾರ್ಶ್ವವಾಯು ಆದವರಿಗೆ, ಕಾಲಿನ ರಕ್ತನಾಳದ ಕಾಯಿಲೆ ಇದ್ದವರಿಗೆ ಅದನ್ನು ಕೊಡಬಾರದು ಎಂದರು. ಸ್ವಲ್ಪ ಕಾಲದ ನಂತರ ಅಸೆಕ್ಲೋಫೆನಾಕ್‌ಗೂ ಇದೇ ಎಚ್ಚರಿಕೆ ಬಂತು. ಎಟೊರಿಕಾಕ್ಸಿಬ್ ಎಂಬ ಇನ್ನೊಂದು ನೋವಿನ ಮಾತ್ರೆಗೆ ಇನ್ನೂ ಮೊದಲೇ ಇತ್ತು. ನಮ್ಮ ಕಡೆ ಕಾಲು ನೋವು ಎಂದು ಬಂದವರಿಗೆ ಬರೆದುಕೊಡುವುದು ಯಾವುದನ್ನು? ಇದೇ ಮೂರನ್ನು, ತಿಂಗಳುಗಟ್ಟಲೆ. ಕಾಲಿನ ನಾಳ ಕಟ್ಟಿದ ಮನುಷ್ಯ ಬಂದು ನೋವು ಎಂದರೆ, ಅವನಿಗೆ ಕೊಡಬಾರದು ಎಂದಿರುವ ಮಾತ್ರೆಯನ್ನೇ ಕೊಟ್ಟು ಕಳಿಸುತ್ತೇವೆ. ಆ ನೋವಿಗೆ ಅದು ಕೆಲಸವನ್ನೂ ಮಾಡುವುದಿಲ್ಲ, ಯಾಕೆಂದರೆ ಅಲ್ಲಿರುವುದು ಊತವಲ್ಲ, ರಕ್ತದ ಕೊರತೆ.

ಈ ಮದ್ದು ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸಾಯುತ್ತಿವೆ ಎಂದು 2006ರಲ್ಲಿ ದನಕರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿದ ದೇಶ ನಮ್ಮದು. ಒಳ್ಳೆಯ ಕೆಲಸ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿ ಧಾಮವನ್ನೇ ಮಾಡಿದ್ದೇವೆ. ಬೆಟ್ಟದ ಕೆಳಗೆ ಬಸ್ ಕಾಯುವ ಬೀಡಿ ಸೇದುವ ಅಜ್ಜನಿಗೆ ಅದೇ ಮಾತ್ರೆ ಸಲೀಸಾಗಿ ಸಿಗುತ್ತದೆ.

2025ರ ಜೂನ್‌ನಲ್ಲಿ ನಮ್ಮ ಹಾಸನದ ಹೆಸರು ದೇಶದ ಎಲ್ಲ ಟಿವಿಗಳಲ್ಲಿ ಬಂತು. ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು. ಜನ ಗಾಬರಿಬಿದ್ದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಎಂದು ವರದಿ ಬಂತು. ಸತ್ತವರಲ್ಲಿ ಬಹಳ ಜನಕ್ಕೆ ಸಕ್ಕರೆ, ಬಿಪಿ, ಸಿಗರೇಟು, ಮದ್ಯದಂಥ ಹಳೆಯ ಕಾರಣಗಳೇ ಇದ್ದವು ಎಂದೂ ಹೇಳಿತು. ವರದಿಯ ಬಗ್ಗೆ ನನಗೆ ತಕರಾರಿಲ್ಲ. ಆ ದಿನಗಳಲ್ಲಿ ನನ್ನ ಅಂಗಡಿಗೆ ಬಂದವರೆಲ್ಲ ಇಸಿಜಿ ಮಾಡಿಸಬೇಕಾ, ಎಕೋ ಮಾಡಿಸಬೇಕಾ ಎಂದು ಕೇಳುತ್ತಿದ್ದರು. ಇಪ್ಪತ್ತೈದರ ಹುಡುಗರೂ ಕೇಳಿದರು. ಕಾಲು ನೋವಿನ ಮಾತ್ರೆಗೆ ತಪ್ಪದೆ ಬರುತ್ತಿದ್ದ ಅರವತ್ತರ ಬೀಡಿ ಸೇದುವವರು ಮಾತ್ರ ಕೇಳಲಿಲ್ಲ. ಅವರಿಗೆ ಎದೆ ನೋವು ಇರಲಿಲ್ಲವಲ್ಲ! ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ ಇದ್ದ ದಿನಗಳು ಅವು.

ಈಗ ನನ್ನ ಕೋರಿಕೆಗಳು. ಊರಿಗೆಲ್ಲ ಡಾಪ್ಲರ್ ಹಿಡಿಯಿರಿ ಎಂದು ಕೇಳುತ್ತಿಲ್ಲ. ಲಕ್ಷಣ ಇಲ್ಲದ ಎಲ್ಲರಿಗೂ ಎಬಿಐ ಮಾಡುವುದರಿಂದ ಲಾಭ ಇದೆ ಎಂದು ತಜ್ಞರೇ ಒಪ್ಪಿಲ್ಲ. 30 ದಾಟಿದವರ ಬಿಪಿ, ಸಕ್ಕರೆ ನೋಡುವ ವ್ಯವಸ್ಥೆ ಈಗಾಗಲೇ ಇದೆ. ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬರುತ್ತಾರೆ. ಅಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿ: ನಡೆದರೆ ಕಾಲು ಹಿಡಿದು, ನಿಂತರೆ ಬಿಡುತ್ತದೆಯೇ? ಸಕ್ಕರೆ ಇರುವ, ಬೀಡಿ ಸಿಗರೇಟು ಸೇದುವ 50 ದಾಟಿದವರು ಹೂಂ ಅನ್ನಲಿ, ಉಹೂಂ ಅನ್ನಲಿ, ಚಪ್ಪಲಿ ಬಿಡಿಸಿ ಪಾದ ನೋಡಲಿ. ನಾಡಿ ನೋಡಬೇಕಾದ ಜಾಗ ಎರಡು. ಪಾದದ ಮೇಲ್ಭಾಗ ಒಂದು, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಇನ್ನೊಂದು. ಪಾದದ ಮೇಲಿನದು ಆರೋಗ್ಯವಂತರಲ್ಲೂ ಕೆಲವರಿಗೆ ಸಿಗುವುದಿಲ್ಲ. ಹಾಗಾಗಿ ಎರಡನ್ನೂ ನೋಡುವುದನ್ನು ಕಲಿಸಬೇಕು. ಒಂದು ಮಧ್ಯಾಹ್ನದ ತರಬೇತಿ ಸಾಕು.

ಅನುಮಾನ ಬಂದವರನ್ನು ಬೆಂಗಳೂರಿಗೆ ಕಳಿಸುವಂತಾಗಬಾರದು. ಪ್ರತಿ ತಾಲ್ಲೂಕು ಆಸ್ಪತ್ರೆಯ ಬಿಪಿ-ಸಕ್ಕರೆ ಕ್ಲಿನಿಕ್ಕಿನಲ್ಲಿ ಒಂದು ಕೈ ಡಾಪ್ಲರ್ ಇರಲಿ, ಅದನ್ನು ಬಳಸಲು ಗೊತ್ತಿರುವ ಒಬ್ಬ ನರ್ಸ್ ಇರಲಿ. ಗರ್ಭಿಣಿಯರ ತಪಾಸಣೆಯಲ್ಲಿ ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ನಿಮ್ಮ ಇಲಾಖೆಗೆ ಹೊಸದಲ್ಲ. ಕಾಲಿಗೆ 8 ಮೆಗಾಹರ್ಟ್ಸ್‌ನ ಬೇರೆ ಪ್ರೋಬ್ ಬೇಕು. ಕೆಲವು ಯಂತ್ರಗಳಲ್ಲಿ ಪ್ರೋಬ್ ಮಾತ್ರ ಬದಲಿಸಿದರೆ ಸಾಕು. ಖರೀದಿ ಮಾಡುವವರು ಇಷ್ಟು ವಿಚಾರಿಸಿದರೆ ಹಣವೂ ಉಳಿಯುತ್ತದೆ.

ಕಾಯಿಲೆ ಖಚಿತವಾದ ಮೇಲೆ ಆ ಮನುಷ್ಯನನ್ನು ಹೃದ್ರೋಗಿ ಎಂದೇ ನೋಡಬೇಕು. ನನ್ನ ಮುಖ್ಯ ಬೇಡಿಕೆ ಇದೇ. ಕಾಲಿನ ನಾಳಕ್ಕೆ ಸ್ಟೆಂಟ್ ಹಾಕಿದರೆ ಕಾಲಿಗೆ ಅನುಕೂಲ, ಹೃದಯಾಘಾತ ಅದರಿಂದ ತಪ್ಪುವುದಿಲ್ಲ. ತಪ್ಪಿಸಲು ನೆರವಾಗುವುದು ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಬಿಪಿ ಸಕ್ಕರೆಯ ಹಿಡಿತ, ಬೀಡಿ ಬಿಡುವುದು. ಅಟೊರ್ವಾಸ್ಟಾಟಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೂರೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನಾನು ಖಾಸಗಿ ಅಂಗಡಿಯವನು, ಇದನ್ನು ಹೇಳಿದರೆ ನನಗೇ ವ್ಯಾಪಾರ ಕಡಿಮೆ. ಇರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇವು ವರ್ಷವಿಡೀ ಸ್ಟಾಕ್ ಇರಬೇಕು. ಒಂದು ತಿಂಗಳು ಕೊಟ್ಟು ಮುಂದಿನ ತಿಂಗಳು ಹೊರಗೆ ತಗೊಳ್ಳಿ ಎಂದರೆ ಬಡವರು ಮಾತ್ರೆಯನ್ನೇ ಬಿಡುತ್ತಾರೆ. ಇವರಿಗೆ ಇಸಿಜಿ ಆಗಲಿ, ಹೃದಯ ಜ್ಯೋತಿಯ ತಜ್ಞರ ಸಲಹೆ ಇವರಿಗೂ ಸಿಗಲಿ. ಎದೆ ನೋವು ಬಂದ ಮೇಲೆ ಸಿಗುವ ಸೌಲಭ್ಯ ಕಾಲು ನೋವಿನ ಹಂತದಲ್ಲೇ ಸಿಕ್ಕರೆ, ಎಷ್ಟೋ ಜನಕ್ಕೆ ಆ ದುಬಾರಿ ಇಂಜೆಕ್ಷನ್ನೇ ಬೇಕಾಗುವುದಿಲ್ಲ.

ನಡಿಗೆಯೂ ಇಲ್ಲಿ ಔಷಧಿ. ನೋವು ಬರುವ ತನಕ ನಡೆಯುವುದು, ನಿಲ್ಲುವುದು, ಬಿಟ್ಟ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನ, ಒಂದೊಂದು ಸಲ ಅರ್ಧದಿಂದ ಮುಕ್ಕಾಲು ಗಂಟೆ, ಕನಿಷ್ಠ ಮೂರು ತಿಂಗಳು. ಹೃದಯ ತೋರಿಸಿಕೊಂಡೇ ಶುರುಮಾಡಬೇಕು, ಯಾರಾದರೂ ಜೊತೆಗಿದ್ದು ಮಾಡಿಸಿದರೆ ಫಲ ಜಾಸ್ತಿ. ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಇದನ್ನು ವಹಿಸಬಹುದು. ನಮ್ಮಲ್ಲಿ ನಡೆಯುತ್ತಿರುವುದು ಉಲ್ಟಾ. ಕಾಲು ನೋಯುತ್ತದೆಯಾ, ನಡೆಯಬೇಡಿ, ರೆಸ್ಟ್ ತಗೊಳ್ಳಿ ಎಂದು ಹೇಳಿ ಕಳಿಸುತ್ತಾರೆ.

ಬೀಡಿಯ ಬಗ್ಗೆ ಒಂದೇ ಮಾತು. 21 ವರ್ಷದ ಒಳಗಿನವರಿಗೆ ತಂಬಾಕು ಮಾರಬಾರದು ಎಂದು ರಾಜ್ಯ ಕಾನೂನು ಮಾಡಿದೆ, ಸ್ವಾಗತ. ಆದರೆ ನಲವತ್ತು ವರ್ಷದಿಂದ ಸೇದುತ್ತಿರುವವರಿಗೆ ಬಿಡಿ ಎಂದು ಗದರಿಸಿದರೆ ಸಾಲದು. ಬಿಡಿಸುವವರು ತಾಲ್ಲೂಕಿನಲ್ಲೇ ಬೇಕು. ನಿಮ್ಮ ಕಾಲು ಉಳಿಯುತ್ತದೆ ಎಂದು ಹೇಳಿದರೆ ಜನ ಕೇಳುತ್ತಾರೆ, ಇದು ನನ್ನ ಕೌಂಟರಿನ ಅನುಭವ. ಹೃದಯದ ಮಾತು ದೂರದ್ದು ಅನ್ನಿಸುತ್ತದೆ. ಕಾಲು ಹೋದರೆ ಕೂಲಿ ಹೋಯಿತು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಕೊನೆಯದು ನನ್ನಂಥವರಿಗೆ ಸಂಬಂಧಿಸಿದ್ದು. 50 ದಾಟಿದ, ಸಕ್ಕರೆ ಅಥವಾ ಬೀಡಿ ಇರುವವರು ಕಾಲು ನೋವಿನ ಮಾತ್ರೆಯನ್ನು ಪದೇಪದೇ ಕೇಳಿದರೆ ಔಷಧಿ ಅಂಗಡಿಯವರು ಏನು ಮಾಡಬೇಕು ಎಂದು ಔಷಧ ನಿಯಂತ್ರಣ ಇಲಾಖೆಯಿಂದ ಒಂದು ಪುಟದ ಸೂಚನೆ ಕಳಿಸಿ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಲು ಒಂದು ಮುದ್ರಿತ ಚೀಟಿ ಕೊಡಿ. ನಾನು ಬರೆದುಕೊಟ್ಟ ಚೀಟಿಗೆ ಬೆಲೆ ಇಲ್ಲ, ಸರ್ಕಾರದ ಮೊಹರಿನ ಚೀಟಿಗೆ ಇದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್ ಬರೆಯುವ ಮೊದಲು ಪಾದದ ನಾಡಿ ನೋಡಿ ಎಂದು ಸರ್ಕಾರಿ ವೈದ್ಯರಿಗೂ ಒಂದು ಸುತ್ತೋಲೆ ಹೋಗಲಿ.

ಹೊಸ ಕಟ್ಟಡವಾಗಲಿ, ಹೊಸ ಹುದ್ದೆಯಾಗಲಿ ನಾನು ಕೇಳಿಲ್ಲ. ಒಂದೇ ಸಲಕ್ಕೆ ರಾಜ್ಯಕ್ಕೆಲ್ಲ ಆಗದಿದ್ದರೆ ಹಾಸನ ಜಿಲ್ಲೆಯಿಂದಲೇ ಶುರುಮಾಡಿ. ಒಂದು ವರ್ಷ ನಡೆಸಿ, ಎಷ್ಟು ಜನರ ಪಾದ ನೋಡಿದಿರಿ, ಎಷ್ಟು ಜನರಲ್ಲಿ ನಾಡಿ ಸಿಗಲಿಲ್ಲ, ಅವರಲ್ಲಿ ಎಷ್ಟು ಜನಕ್ಕೆ ಸ್ಟಾಟಿನ್ ಸಿಕ್ಕಿತು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ. ಈ ಪತ್ರದ ಪ್ರತಿಯನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೂ ಕಳಿಸಿದ್ದೇನೆ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಯಾಕೆ ಎಂದು ತಮ್ಮ ಕಚೇರಿಯಿಂದ ಲಿಖಿತ ಉತ್ತರ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ಔಷಧಿ ಅಂಗಡಿಯವ